ಎರಡು ಲೈನ್ ಇದ್ದರೂ ನೆಟ್ ನಿಲ್ಲುವುದೇಕೆ?

ಪ್ರಶ್ನೆ: ಹಲಕುಂದಿಯ ಒಂದು ಸ್ಪಾಂಜ್ ಐರನ್ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ವೇಬ್ರಿಡ್ಜ್ ಲೆಕ್ಕ, ಇ-ವೇ ಬಿಲ್, ಅದಿರಿನ ಪರ್ಮಿಟ್ ಎಲ್ಲವೂ ಇಂಟರ್‌ನೆಟ್ ಮೇಲೆಯೇ ನಡೆಯುತ್ತವೆ. ನೆಟ್ ಹೋದರೆ ಗೇಟಿನ ಮುಂದೆ ಲಾರಿಗಳ ಸಾಲು ನಿಲ್ಲುತ್ತದೆ. ಅದಕ್ಕೆಂದೇ ಎರಡು ಕಂಪನಿಗಳ ಫೈಬರ್ ಲೈನ್ ಹಾಕಿಸಿದ್ದೇವೆ, ಎರಡು ರೂಟರ್ ಕೂಡ ಇವೆ. ಆದರೂ ಒಂದು ಕೆಟ್ಟರೆ ಯಾರಾದರೂ ಓಡಿಹೋಗಿ ಕೇಬಲ್ ಬದಲಿಸಬೇಕು. ಕೆಲವು ಸಲ ಎರಡೂ ಒಟ್ಟಿಗೇ ಹೋಗುತ್ತವೆ. ಒಂದು ರೂಟರ್ ನಿಂತರೆ ಇನ್ನೊಂದು ತಾನಾಗಿಯೇ ಕೆಲಸ ವಹಿಸಿಕೊಳ್ಳುವಂತೆ ಮಾಡುವುದು ಹೇಗೆ?
— ಒಬ್ಬ ಓದುಗರು, ಹಲಕುಂದಿ

ಉತ್ತರ: ನೀವು ಕೇಳಿರುವುದಕ್ಕೆ ಉತ್ತರ ಇದೆ, ಅದು ಬಹಳ ಕಷ್ಟದ್ದೂ ಅಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ನಡುವೆ ಹೇಳಿಬಿಟ್ಟ ಇನ್ನೊಂದು ಮಾತು: "ಕೆಲವು ಸಲ ಎರಡೂ ಒಟ್ಟಿಗೇ ಹೋಗುತ್ತವೆ." ಇದನ್ನು ಸರಿಪಡಿಸದೆ ರೂಟರಿನ ಸೆಟ್ಟಿಂಗ್ ಎಷ್ಟೇ ಚೆನ್ನಾಗಿ ಮಾಡಿದರೂ ಲಾರಿ ಸಾಲು ಕರಗುವುದಿಲ್ಲ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಎರಡು ಕಂಪನಿಗಳಿಗೆ ಹಣ ಕಟ್ಟಿದ ಮಾತ್ರಕ್ಕೆ ಎರಡು ದಾರಿ ಸಿಕ್ಕಂತಲ್ಲ. ಬಳ್ಳಾರಿಯಿಂದ ಹಲಕುಂದಿಗೆ ಬರುವ ಫೈಬರ್‌ಗಳು ಸಾಮಾನ್ಯವಾಗಿ ಒಂದೇ ಹೆದ್ದಾರಿಯ ಪಕ್ಕದಲ್ಲಿ ಬರುತ್ತವೆ. ನೆಲದಡಿ ಬಂದರೆ ಒಂದೇ ಕಾಲುವೆಯ ಅಕ್ಕಪಕ್ಕ, ಮೇಲೆ ಬಂದರೆ ಒಂದೇ ಕಂಬಗಳ ಸಾಲು. ಜೆಸಿಬಿಯ ಬಕೆಟ್‌ಗೆ ಯಾವ ಕೇಬಲ್ ಯಾವ ಕಂಪನಿಯದು ಎಂಬ ಭೇದ ಇಲ್ಲ. ನಾನು ನೋಡಿದ ಒಂದು ಕಚೇರಿಯಲ್ಲಿ ಎರಡು ಬೇರೆ ಬೇರೆ ಹೆಸರಿನ ಬಿಲ್ ಬರುತ್ತಿದ್ದವು. ಹೊರಗೆ ಹೋಗಿ ನೋಡಿದರೆ ಎರಡೂ ವೈರುಗಳು ಒಂದೇ ಕಂಬದ ಒಂದೇ ಪೆಟ್ಟಿಗೆಗೆ ಹೋಗಿ ಸೇರುತ್ತಿದ್ದವು. ಆ ಪೆಟ್ಟಿಗೆಯಾಚೆಗೆ ಎರಡೂ ಒಂದೇ ಕೇಬಲಿನ ಎಳೆಗಳು.

ಇದು ಸಣ್ಣ ಊರಿನ ಸಮಸ್ಯೆ ಅಂದುಕೊಳ್ಳಬೇಡಿ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದಡಿಯ ಎರಡು ಕೇಬಲ್‌ಗಳು ಒಂದೇ ದಿನ ಕತ್ತರಿಸಿಹೋದವು. ಒಂದಕ್ಕೆ ಇನ್ನೊಂದು ಬದಲಿ ಎಂದು ನಂಬಿಕೊಂಡಿದ್ದ ಭಾರತದ ಕಂಪನಿಗಳು ದಿನಗಟ್ಟಲೆ ಪರದಾಡಿದವು. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ವಹಿವಾಟು ಬೆಳಿಗ್ಗೆ 11.40ಕ್ಕೆ ನಿಂತದ್ದು ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಅವರ ಬಳಿ ಎರಡು ಟೆಲಿಕಾಂ ಸಂಸ್ಥೆಗಳಿಂದ ಹಲವು ಲೈನ್‌ಗಳಿದ್ದವು. ತೊಂದರೆಯಾದದ್ದು ಎರಡೂ ಸಂಸ್ಥೆಗಳ ಲೈನ್‌ಗಳಲ್ಲಿ. ರಸ್ತೆಯುದ್ದಕ್ಕೂ ನಡೆಯುತ್ತಿದ್ದ ಅಗೆತವೂ ಅದಕ್ಕೆ ಕಾರಣ ಎಂದು ಆಮೇಲೆ ತಿಳಿಯಿತು. ದೇಶದ ದೊಡ್ಡ ಷೇರುಪೇಟೆಗೇ ಹೀಗಾದರೆ ನಿಮ್ಮ ಗೇಟಿಗೆ ಆಗದಿರುತ್ತದೆಯೇ?

ಕೇಂದ್ರ ಸರ್ಕಾರವೂ ಈ ಪಾಠ ಕಲಿತಿದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು, ನಂತರ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಆರಂಭದ ಹಂತದಲ್ಲಿ ಬಹುಪಾಲು ಕಡೆ ಒಂದೇ ಎಳೆ ಪಂಚಾಯಿತಿಯವರೆಗೆ ಹೋಗಿ ಅಲ್ಲಿಗೇ ಮುಗಿಯುತ್ತಿತ್ತು. ಮಧ್ಯದಲ್ಲಿ ಎಲ್ಲಿ ತುಂಡಾದರೂ ಆಚೆಗೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಯಲ್ಲಿ ಫೈಬರನ್ನು ಉಂಗುರದ ಆಕಾರದಲ್ಲಿ ಎಳೆಯಬೇಕು, ಬ್ಲಾಕ್ ಮತ್ತು ಪಂಚಾಯಿತಿ ಮಟ್ಟದಲ್ಲಿ ರೂಟರ್‌ಗಳನ್ನಿಡಬೇಕು ಎಂದಿದೆ. ಉಂಗುರ ಒಂದು ಕಡೆ ತುಂಡಾದರೆ ಮಾಹಿತಿ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ನಿಮ್ಮ ಕಾರ್ಖಾನೆಗೂ ಬೇಕಾಗಿರುವುದು ಇದೇ: ಒಂದರ ಕೇಡು ಇನ್ನೊಂದನ್ನು ಮುಟ್ಟದ ಎರಡನೆಯ ದಾರಿ.

ಹಾಗಾಗಿ ನನ್ನ ಮೊದಲ ಸಲಹೆ, ಎರಡನೆಯ ಫೈಬರಿನ ಬದಲು ಗಾಳಿಯಲ್ಲಿ ಬರುವ ಸಂಪರ್ಕವನ್ನು ಬ್ಯಾಕಪ್ ಮಾಡಿಕೊಳ್ಳಿ. 4ಜಿ ಅಥವಾ 5ಜಿ ಸಿಮ್ ಹಾಕುವ ರೂಟರ್, ಚಾವಣಿಯ ಮೇಲೆ ಒಂದು ಆಂಟೆನಾ ಸಾಕು. ಇಲ್ಲವೇ ಬಳ್ಳಾರಿ ಕಡೆಯ ಟವರ್ ಕಣ್ಣಿಗೆ ಕಾಣುವಂತಿದ್ದರೆ ರೇಡಿಯೋ ಲಿಂಕ್ ಹಾಕಿಸಬಹುದು. ಫೈಬರಿನಷ್ಟು ವೇಗ ಸಿಗಲಿಕ್ಕಿಲ್ಲ. ಆದರೆ ಇ-ವೇ ಬಿಲ್ಲಿಗೂ ಪರ್ಮಿಟ್ಟಿಗೂ ಬೇಕಾದ ಡೇಟಾ ತೀರಾ ಕಡಿಮೆ. ವೇಗ ಬೇಕಾಗಿರುವುದು ಸಿಸಿಟಿವಿಗೆ, ಬ್ಯಾಕಪ್ ಹೊತ್ತಿನಲ್ಲಿ ಅದನ್ನು ತಡೆದರಾಯಿತು. ಸಿಮ್ ಆರಿಸುವಾಗಲೂ ಒಂದು ಎಚ್ಚರ: ನಿಮ್ಮ ಫೈಬರ್ ಕೊಟ್ಟ ಕಂಪನಿಯದೇ ಸಿಮ್ ಬೇಡ. ಅದರ ಟವರಿಗೂ ಅದೇ ಹೆದ್ದಾರಿ ಪಕ್ಕದ ಫೈಬರೇ ಹೋಗಿರುವ ಸಾಧ್ಯತೆ ಹೆಚ್ಚು.

ಕರೆಂಟಿನ ಮಾತೂ ಇಲ್ಲೇ ಬರಬೇಕು. ಜೆಸ್ಕಾಂ ಕರೆಂಟ್ ಹೋದಾಗ ಕಂಪ್ಯೂಟರ್‌ಗೆ ಯುಪಿಎಸ್ ಇರುತ್ತದೆ, ರೂಟರ್‌ಗೂ ಇರುತ್ತದೆ. ಗೋಡೆಯ ಮೇಲಿನ ಫೈಬರ್ ಮೋಡೆಮ್ ಮಾತ್ರ ನೇರ ಕರೆಂಟಿನಲ್ಲಿರುತ್ತದೆ. ಎರಡೂ ರೂಟರ್‌ಗಳ ನಡುವಿನ ಚಿಕ್ಕ ಸ್ವಿಚ್ಚಿನ ಅಡಾಪ್ಟರ್ ಎಲ್ಲೋ ಮೇಜಿನಡಿಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿರುತ್ತದೆ. ಒಂದು ಮಧ್ಯಾಹ್ನ ಕೂತು ಪ್ರತಿಯೊಂದು ವೈರನ್ನೂ ಅದರ ತುದಿಯವರೆಗೆ ಕೈಯಿಂದ ಹಿಡಿದು ನೋಡಿ. ಎರಡು ರೂಟರ್ ಎರಡು ಯುಪಿಎಸ್‌ಗಳಲ್ಲಿರಲಿ. ನಿಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾರ್ಖಾನೆಯ ಕಪ್ಪು ದೂಳು ಎಲ್ಲ ಸಂದುಗಳಿಗೂ ಇಳಿಯುತ್ತದೆ, ಅದರಲ್ಲಿ ಕಬ್ಬಿಣವಿದೆ. ತಗಡಿನ ಚಾವಣಿಯ ವೇಬ್ರಿಡ್ಜ್ ಕ್ಯಾಬಿನ್ನಿನಲ್ಲಿ ಎರಡು ರೂಟರ್‌ಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಎರಡೂ ಒಂದೇ ಶಾಖಕ್ಕೆ, ಒಂದೇ ದೂಳಿಗೆ ಬಲಿಯಾಗುತ್ತವೆ. ಒಂದು ಕಚೇರಿಯಲ್ಲಿರಲಿ, ಇನ್ನೊಂದು ಬೇರೆ ಕೋಣೆಯಲ್ಲಿರಲಿ. ಕಚೇರಿಗೂ ವೇಬ್ರಿಡ್ಜಿಗೂ ನಡುವೆ 100 ಮೀಟರಿಗಿಂತ ಹೆಚ್ಚು ದೂರವಿದ್ದರೆ ತಾಮ್ರದ ಲ್ಯಾನ್ ಕೇಬಲ್ ನಂಬಬೇಡಿ, ಫೈಬರ್ ಎಳೆಸಿ. ಸಿಡಿಲಿನ ಹೊಡೆತ ತಾಮ್ರದ ಮೂಲಕ ಬರುವಂತೆ ಫೈಬರಿನ ಮೂಲಕ ಬರುವುದಿಲ್ಲ.

ಈಗ ನೀವು ಕೇಳಿದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರತಿ ಕಂಪ್ಯೂಟರಿನಲ್ಲಿ ಗೇಟ್‌ವೇ ಎಂದು ಒಂದು ವಿಳಾಸ ಇರುತ್ತದೆ, ಉದಾಹರಣೆಗೆ 192.168.10.1. ಹೊರಗೆ ಹೋಗಬೇಕಾದ್ದನ್ನೆಲ್ಲ ಕಂಪ್ಯೂಟರ್ ಆ ವಿಳಾಸದ ರೂಟರ್‌ಗೆ ಒಪ್ಪಿಸುತ್ತದೆ. ಆ ರೂಟರ್ ಸತ್ತರೆ ಕಂಪ್ಯೂಟರ್ ತಾನಾಗಿ ಬೇರೆಯದನ್ನು ಹುಡುಕುವುದಿಲ್ಲ, ಸುಮ್ಮನೆ ಕಾಯುತ್ತ ಕೂರುತ್ತದೆ. ನಿಮ್ಮವರು ಓಡಿಹೋಗಿ ಕೇಬಲ್ ಬದಲಿಸುವುದು ಇದಕ್ಕೇ.

ಇದಕ್ಕೆ ಪರಿಹಾರ 1998ರಷ್ಟು ಹಳೆಯದು. ಸಿಸ್ಕೋ ಕಂಪನಿ ತನ್ನ ಎಚ್‌ಎಸ್‌ಆರ್‌ಪಿ ಎಂಬ ಪದ್ಧತಿಯ ವಿವರವನ್ನು ಆ ವರ್ಷ ಪ್ರಕಟಿಸಿತು. ಅದೇ ವರ್ಷ ಐಇಟಿಎಫ್ ಎಂಬ ಅಂತರರಾಷ್ಟ್ರೀಯ ಮಂಡಳಿ ಎಲ್ಲ ಕಂಪನಿಗಳ ರೂಟರ್‌ಗಳೂ ಬಳಸಬಹುದಾದ ವಿಆರ್‌ಆರ್‌ಪಿಯನ್ನು ತಂದಿತು. ಅದರ ಇತ್ತೀಚಿನ ಪರಿಷ್ಕರಣೆ 2024ರದು. ಮೈಕ್ರೋಟಿಕ್‌ನಂಥ ಕಡಿಮೆ ಬೆಲೆಯ ರೂಟರ್‌ಗಳಲ್ಲೂ ಇದು ಇದೆ, ಲಿನಕ್ಸ್ ಕಂಪ್ಯೂಟರಿನಲ್ಲಿ ಕೀಪ್‌ಅಲೈವ್‌ಡಿ ಎಂಬ ಉಚಿತ ತಂತ್ರಾಂಶದಿಂದಲೂ ಮಾಡಬಹುದು. ಕೊಳ್ಳುವ ಮುನ್ನ ವಿಆರ್‌ಆರ್‌ಪಿ ಇದೆಯೇ ಎಂದು ಕೇಳಿ. ಫೈಬರ್ ಕಂಪನಿಯವರು ಪುಕ್ಕಟೆ ಕೊಡುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಕೆಲಸ ಹೀಗೆ. ಮೊದಲ ರೂಟರ್‌ಗೆ 192.168.10.2, ಎರಡನೆಯದಕ್ಕೆ 192.168.10.3 ಕೊಡಿ. 192.168.10.1 ಯಾವ ರೂಟರಿನ ಸ್ವಂತದ್ದೂ ಅಲ್ಲ, ಎರಡಕ್ಕೂ ಸೇರಿದ ವಿಳಾಸ. ಕಂಪ್ಯೂಟರ್‌ಗಳಿಗೆ, ವೇಬ್ರಿಡ್ಜಿಗೆ, ಪ್ರಿಂಟರಿಗೆ ಗೇಟ್‌ವೇ ಎಂದು ಇದನ್ನೇ ಕೊಡಿ. ಎರಡರಲ್ಲೂ ವಿಆರ್‌ಆರ್‌ಪಿ ಗುಂಪಿನ ಸಂಖ್ಯೆ ಒಂದೇ ಇರಲಿ. ಮೊದಲನೆಯದರ ಆದ್ಯತೆ 110, ಎರಡನೆಯದರ ಆದ್ಯತೆ 100 ಇರಲಿ. ಹೆಚ್ಚು ಆದ್ಯತೆಯದು ಯಜಮಾನ ಆಗುತ್ತದೆ, ಸೆಕೆಂಡಿಗೊಮ್ಮೆ "ನಾನಿದ್ದೇನೆ" ಎಂದು ಲ್ಯಾನ್‌ನಲ್ಲಿ ಸಾರುತ್ತದೆ. ಆ ಸದ್ದು ಮೂರು ಸಲ ಕೇಳದಿದ್ದರೆ, ಸುಮಾರು 3.6 ಸೆಕೆಂಡಿನಲ್ಲಿ, ಎರಡನೆಯದು ಹಂಚಿಕೆಯ ವಿಳಾಸವನ್ನು ತಾನು ವಹಿಸಿಕೊಳ್ಳುತ್ತದೆ. ವಿಳಾಸದ ಜೊತೆಗಿನ ಯಂತ್ರಸಂಖ್ಯೆಯೂ, ಅಂದರೆ ಮ್ಯಾಕ್ ವಿಳಾಸವೂ, ಅದೇ ಉಳಿಯುವುದರಿಂದ ಕಂಪ್ಯೂಟರ್‌ಗಳಿಗೆ ರೂಟರ್ ಬದಲಾದದ್ದೇ ಗೊತ್ತಾಗುವುದಿಲ್ಲ. ಎಚ್‌ಎಸ್‌ಆರ್‌ಪಿಯಲ್ಲಿ ಮೊದಲೇ ಇಟ್ಟಿರುವ ಅಳತೆಯಲ್ಲಿ ಇದೇ ಕೆಲಸಕ್ಕೆ 10 ಸೆಕೆಂಡ್ ಬೇಕು.

ಹೆಚ್ಚಿನವರು ಇಷ್ಟು ಮಾಡಿ, ಮೊದಲ ರೂಟರಿನ ಕರೆಂಟ್ ತೆಗೆದು ನೋಡಿ, ಎರಡನೆಯದು ಬಂತು ಎಂದು ಖುಷಿಪಟ್ಟು ಮನೆಗೆ ಹೋಗುತ್ತಾರೆ. ಆದರೆ ರೂಟರ್ ಸಾಯುವುದು ಅಪರೂಪ, ಸಾಯುವುದು ಲೈನ್. ಬಳ್ಳಾರಿ ರಸ್ತೆಯಲ್ಲಿ ಎಲ್ಲೋ ಫೈಬರ್ ತುಂಡಾದಾಗ ನಿಮ್ಮ ಗೋಡೆಯ ಮೇಲಿನ ಮೋಡೆಮ್ ಬದುಕಿಯೇ ಇರುತ್ತದೆ. ಅದಕ್ಕೂ ರೂಟರ್‌ಗೂ ನಡುವಿನ ಕೇಬಲಿನ ಹಸಿರು ದೀಪವೂ ಉರಿಯುತ್ತಿರುತ್ತದೆ. ಮೊದಲ ರೂಟರ್ ಎಲ್ಲವೂ ಸರಿಯಿದೆ ಎಂದುಕೊಂಡು ಸೆಕೆಂಡಿಗೊಮ್ಮೆ ಸಾರುತ್ತಲೇ ಇರುತ್ತದೆ. ಎರಡನೆಯದು ಸುಮ್ಮನಿರುತ್ತದೆ. ನೆಟ್ ಮಾತ್ರ ಇಲ್ಲ.

ಅದಕ್ಕೆ ರೂಟರ್ ತನ್ನ ಲೈನನ್ನು ತಾನೇ ಪರೀಕ್ಷಿಸಬೇಕು. ಹೊರಗಿನ ಎರಡು ವಿಳಾಸಗಳಿಗೆ ಕೆಲವು ಸೆಕೆಂಡಿಗೊಮ್ಮೆ ಪಿಂಗ್, ಅಂದರೆ ಉತ್ತರ ಬೇಡುವ ಪುಟ್ಟ ಸಂದೇಶ, ಕಳಿಸುವಂತೆ ಮಾಡಿ. 1.1.1.1 ಮತ್ತು 8.8.8.8ನ್ನು ಬಹಳ ಜನ ಬಳಸುತ್ತಾರೆ. ಎರಡೂ ಸತತವಾಗಿ ಮೂರು ಸಲ ಉತ್ತರ ಕೊಡದಿದ್ದರೆ ರೂಟರ್ ತನ್ನ ಆದ್ಯತೆಯನ್ನು 20ರಷ್ಟು ಇಳಿಸಿಕೊಳ್ಳಲಿ. 110 ಇದ್ದದ್ದು 90 ಆಗುತ್ತದೆ, 100 ಇರುವ ಎರಡನೆಯದು ಮುಂದೆ ಬರುತ್ತದೆ. ಒಂದೇ ವಿಳಾಸವನ್ನು ನೆಚ್ಚಿಕೊಂಡರೆ ಆ ಒಂದು ಸರ್ವರ್ ಕೆಮ್ಮಿದಾಗಲೆಲ್ಲ ನಿಮ್ಮ ಕಾರ್ಖಾನೆಯ ಲೈನ್ ಬದಲಾಗುತ್ತದೆ.

ಇಲ್ಲಿ ಅನುಭವಿಗಳೂ ಎಡವುವ ಒಂದು ಜಾಗ ಇದೆ, ಸ್ವಲ್ಪ ನಿಂತು ಹೇಳುತ್ತೇನೆ. ಒಂದೇ ರೂಟರ್‌ಗೆ ಎರಡು ಲೈನ್ ಕೊಟ್ಟಿದ್ದೀರಿ ಎಂದುಕೊಳ್ಳಿ. ಮೊದಲ ಲೈನ್ ಸತ್ತಿತು, ರೂಟರ್ ಎರಡನೆಯದಕ್ಕೆ ಹೊರಳಿತು. ಪರೀಕ್ಷೆಯ ಪಿಂಗ್ ಕೂಡ ಈಗ ಎರಡನೆಯ ಲೈನಿನಲ್ಲೇ ಹೊರಗೆ ಹೋಗಿ ಉತ್ತರ ತರುತ್ತದೆ. "ಓ, ಮೊದಲನೆಯದು ಸರಿಹೋಯಿತು" ಎಂದು ರೂಟರ್ ಹಿಂದಕ್ಕೆ ಹೊರಳುತ್ತದೆ. ಅಲ್ಲಿ ನೆಟ್ ಇಲ್ಲ, ಮತ್ತೆ ಈ ಕಡೆ ಬರುತ್ತದೆ. ಲೈನ್ ಪೂರ್ತಿ ಸತ್ತಿದ್ದರೂ ನೆಟ್ ಅರ್ಧ ನಿಮಿಷ ಬಂದು ಅರ್ಧ ನಿಮಿಷ ಹೋಗುವ ವಿಚಿತ್ರ ಕಾಯಿಲೆ ಇದರಿಂದಲೇ. ಪರೀಕ್ಷೆಯ ವಿಳಾಸ ಯಾವ ಲೈನಿನದೋ ಆ ಲೈನಿನಿಂದ ಮಾತ್ರ ಹೋಗಬೇಕು ಎಂದು ಪ್ರತ್ಯೇಕ ರೂಟ್ ಬರೆದು ಕಟ್ಟಿಹಾಕಬೇಕು. ಹಾಗೆ ಕಟ್ಟಿಹಾಕಿದ ವಿಳಾಸವನ್ನು ಕಂಪ್ಯೂಟರ್‌ಗಳಿಗೆ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಎಂದು ಕೊಡಬೇಡಿ. ಆ ಲೈನ್ ಹೋದಾಗ ಅದೂ ಹೋಗುತ್ತದೆ. ಫೈಬರ್ ಕಂಪನಿಯ ಸ್ವಂತ ಡಿಎನ್‌ಎಸ್ ಕೂಡ ಬೇಡ, ಹಲವು ಕಂಪನಿಗಳವು ಹೊರಗಿನ ಲೈನಿನಿಂದ ಕೇಳಿದರೆ ಉತ್ತರಿಸುವುದಿಲ್ಲ.

ಹಿಂದಿರುಗುವ ಹೊತ್ತೂ ಮುಖ್ಯ. ವಿಆರ್‌ಆರ್‌ಪಿಯಲ್ಲಿ ಮೊದಲ ರೂಟರ್ ಎದ್ದ ಕೂಡಲೇ ಯಜಮಾನಿಕೆ ವಾಪಸ್ ಕಿತ್ತುಕೊಳ್ಳುತ್ತದೆ. ಕರೆಂಟ್ ಹೋಗಿ ಬಂದಾಗ ರೂಟರ್ ಬೇಗ ಏಳುತ್ತದೆ, ಫೈಬರ್ ಮೋಡೆಮ್ ಸಿಗ್ನಲ್ ಹಿಡಿಯಲು ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. ಆ ನಡುವಿನ ಹೊತ್ತಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಎರಡನೆಯದನ್ನು ಪಕ್ಕಕ್ಕೆ ಸರಿಸಿ, ಲೈನಿಲ್ಲದ ರೂಟರ್ ಬಂದು ಕೂತಿರುತ್ತದೆ. ಆದ್ದರಿಂದ ಬಿಟ್ಟುಕೊಡಲು ಅವಸರ ಇರಲಿ, ವಾಪಸ್ ತೆಗೆದುಕೊಳ್ಳಲು ನಿಧಾನ ಇರಲಿ. ಲೈನ್ ಎರಡು ಮೂರು ನಿಮಿಷ ಎಡೆಬಿಡದೆ ಸರಿಯಿದ್ದರೆ ಮಾತ್ರ ಮರಳುವಂತೆ ಮಾಡಿ.

ಸಣ್ಣ ಸಂಗತಿಗಳು ಇನ್ನೂ ಕೆಲವಿವೆ. ಎರಡು ಕಂಪನಿಗಳ ಮೋಡೆಮ್‌ಗಳೂ ಒಳಗಡೆಗೆ 192.168.1.1 ಎಂಬ ಒಂದೇ ವಿಳಾಸ ಇಟ್ಟುಕೊಂಡು ಬರುವುದು ಸಾಮಾನ್ಯ. ಎರಡನ್ನೂ ಒಂದೇ ರೂಟರ್‌ಗೆ ಕೊಟ್ಟರೆ ಯಾವ ದಿಕ್ಕು ಯಾವುದೆಂದು ಅದಕ್ಕೆ ತಿಳಿಯದು, ಒಂದನ್ನು 192.168.2.1ಕ್ಕೆ ಬದಲಿಸಿ. ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸ ಒಂದೇ ರೂಟರಿನ ಮೇಲಿದ್ದರೆ ಅದು ಸತ್ತಮೇಲೆ ಹೊಸದಾಗಿ ಆನ್ ಮಾಡಿದ ಕಂಪ್ಯೂಟರ್‌ಗೆ ವಿಳಾಸ ಸಿಗದು. 50ರಿಂದ 120ರವರೆಗೆ ಒಂದು, 121ರಿಂದ 200ರವರೆಗೆ ಇನ್ನೊಂದು ಹಂಚಲಿ, ಗೇಟ್‌ವೇ ಮಾತ್ರ ಎರಡೂ 192.168.10.1 ಎಂದೇ ಹೇಳಲಿ. ಎರಡು ರೂಟರ್‌ಗಳ ನಡುವಿನ ಕೇಬಲ್ ಅಥವಾ ಸ್ವಿಚ್ ಕೆಟ್ಟು ಒಂದರ ಸದ್ದು ಇನ್ನೊಂದಕ್ಕೆ ಕೇಳದಂತಾದರೆ ಎರಡೂ ತಾವೇ ಯಜಮಾನ ಎಂದುಕೊಳ್ಳುತ್ತವೆ. ಎರಡೂ ದೀಪ ಉರಿಯುತ್ತಿದ್ದು ಕೆಲವು ಕಂಪ್ಯೂಟರಿಗೆ ನೆಟ್ ಇದ್ದು ಕೆಲವಕ್ಕೆ ಇಲ್ಲದಿದ್ದರೆ ಮೊದಲು ಇದನ್ನೇ ಶಂಕಿಸಿ.

ಫೇಲೋವರ್ ಆದಾಗ, ಅಂದರೆ ಒಂದು ಲೈನಿನಿಂದ ಇನ್ನೊಂದಕ್ಕೆ ಹೊರಳಿದಾಗ, ಏನೂ ತೊಂದರೆಯೇ ಆಗುವುದಿಲ್ಲ ಎಂದು ಮಾರುವವರು ಹೇಳುತ್ತಾರೆ, ಅದು ನಿಜವಲ್ಲ. ಲೈನ್ ಬದಲಾದರೆ ಹೊರಜಗತ್ತಿಗೆ ಕಾಣುವ ನಿಮ್ಮ ವಿಳಾಸವೂ ಬದಲಾಗುತ್ತದೆ. ಆ ಹೊತ್ತಿಗೆ ತೆರೆದಿದ್ದ ಸಂಪರ್ಕಗಳು ಕಡಿದುಹೋಗುತ್ತವೆ, ಪೋರ್ಟಲ್ ಮತ್ತೆ ಲಾಗಿನ್ ಕೇಳಬಹುದು, ವಿಡಿಯೋ ಕರೆ ನಿಲ್ಲುತ್ತದೆ. ಹೊರಗಿನಿಂದ ನಿಮ್ಮ ಸಿಸಿಟಿವಿ ನೋಡುವ ಮಾಲೀಕರಿಗೆ ಸಿಮ್ ಮೇಲೆ ಅದು ಕಾಣದಿರಬಹುದು, ಏಕೆಂದರೆ ಸಿಮ್‌ಗೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ವಿಳಾಸ ಸಿಗುವುದಿಲ್ಲ. ಇದನ್ನು ಅವರಿಗೆ ಮೊದಲೇ ಹೇಳಿಬಿಡಿ. ಇನ್ನೊಂದು ಮಾತನ್ನೂ ಹೇಳಿ: ಸರ್ಕಾರದ ಸರ್ವರ್ ಕಡೆಯೇ ತೊಂದರೆ ಇದ್ದರೆ ನಿಮ್ಮಲ್ಲಿ ಹತ್ತು ರೂಟರ್ ಇದ್ದರೂ ಪರ್ಮಿಟ್ ಬರುವುದಿಲ್ಲ. ಅಂಥ ಹೊತ್ತಿಗೆ ಕಾಗದದ ಮೇಲೆ ತೂಕ ಬರೆದಿಟ್ಟುಕೊಂಡು ಆಮೇಲೆ ಏರಿಸುವ ಕ್ರಮ ಬೇರೆಯೇ ಇರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ನನಗೆ ಹೆಚ್ಚು ಭಯವಿರುವುದು ಬ್ಯಾಕಪ್ ಸದ್ದಿಲ್ಲದೆ ಸತ್ತಿರುವುದರ ಬಗ್ಗೆ. ಸಿಮ್‌ನ ರೀಚಾರ್ಜ್ ಮುಗಿದು ತಿಂಗಳಾಗಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ. ಎರಡನೆಯ ಫೈಬರನ್ನು ಇಲಿ ಕಡಿದಿರುತ್ತದೆ, ಮೊದಲನೆಯದು ನಡೆಯುತ್ತಿರುವುದರಿಂದ ಯಾರೂ ನೋಡಿರುವುದಿಲ್ಲ. ಬದಲಿ ಸಿದ್ಧವಿಲ್ಲದಿದ್ದರೆ ಏನಾಗುತ್ತದೆಂದು ನಿಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಆ ಜಾಗಕ್ಕೆ ಇಳಿಸಲು ಸಿದ್ಧವಾದ ಸ್ಟಾಪ್‌ಲಾಗ್ ಅಣೆಕಟ್ಟಿನಲ್ಲಿ ಇರಲಿಲ್ಲ. ಹೊಸದಾಗಿ ತಯಾರಿಸಿ, ತಂದು, ಹರಿಯುವ ನೀರಿನಲ್ಲೇ ಇಳಿಸಿ ಮುಗಿಸುವಷ್ಟರಲ್ಲಿ ಒಂದು ವಾರ ಕಳೆಯಿತು. ಅಷ್ಟು ದಿನ ಬೆಳೆಗೆಂದು ತುಂಬಿಸಿದ್ದ ನೀರು ನದಿಗೆ ಹರಿಯಿತು, ಸಿರುಗುಪ್ಪ, ಕುರುಗೋಡಿನ ಕಡೆಯ ರೈತರು ಕಾಲುವೆ ನೋಡುತ್ತ ಆತಂಕದಲ್ಲಿ ಕೂತರು. ಬದಲಿ ಎಂಬುದು ಕೆಟ್ಟ ದಿನಕ್ಕೆ ಮೊದಲೇ ಕೈಗೆ ಸಿಗುವಂತಿರಬೇಕು, ಕೆಲಸ ಮಾಡುತ್ತದೆಂದು ನೋಡಿಯೂ ಇರಬೇಕು.

ಆದ್ದರಿಂದ ತಿಂಗಳಿಗೊಮ್ಮೆ, ಲಾರಿಗಳು ಕಡಿಮೆ ಇರುವ ಒಂದು ಬೆಳಿಗ್ಗೆ, ಮೊದಲ ಫೈಬರನ್ನು ಮೋಡೆಮ್‌ನಿಂದ ಕಿತ್ತುಹಾಕಿ. ರೂಟರಿನ ಕರೆಂಟ್ ತೆಗೆಯುವುದಲ್ಲ, ಆ ತೆಳ್ಳನೆಯ ಹಳದಿ ಅಥವಾ ಬಿಳಿ ಫೈಬರ್ ತುದಿಯನ್ನೇ ತೆಗೆಯಬೇಕು, ಆಗ ಮಾತ್ರ ನಿಜವಾದ ಪರೀಕ್ಷೆ. ಅದರ ತುದಿಗೆ ಬೆರಳು ತಾಗಿಸಬೇಡಿ, ದೂಳು ಬೀಳದಂತೆ ಮುಚ್ಚಳ ಹಾಕಿ. ಒಂದು ನಿಮಿಷದೊಳಗೆ ಇ-ವೇ ಬಿಲ್ ಪೋರ್ಟಲ್ ತೆರೆಯಬೇಕು. ಅರ್ಧ ದಿನ ಬ್ಯಾಕಪ್ ಮೇಲೆಯೇ ಕೆಲಸ ನಡೆಸಿ, ಆಗ ಅದರ ವೇಗ ಸಾಲುತ್ತದೋ ಇಲ್ಲವೋ ತಿಳಿಯುತ್ತದೆ. ಲೈನ್ ಬದಲಾದಾಗಲೆಲ್ಲ ಇಬ್ಬರ ಮೊಬೈಲ್‌ಗೆ ಸಂದೇಶ ಬರುವಂತೆ ರೂಟರಿನಲ್ಲಿ ಏರ್ಪಾಡು ಮಾಡಿ. ಇಲ್ಲದಿದ್ದರೆ ಬ್ಯಾಕಪ್ ಮೇಲೆ ವಾರಗಟ್ಟಲೆ ಓಡಿ, ಅದು ನಿಂತ ದಿನವೇ ಮೊದಲನೆಯದು ಎಂದೋ ಹೋಗಿತ್ತೆಂದು ತಿಳಿಯುತ್ತದೆ. ಯಾವ ರೂಟರ್ ಎಲ್ಲಿದೆ, ಅದರ ವಿಳಾಸ ಏನು, ಯಾವ ಕಂಪನಿಯ ದೂರು ಸಂಖ್ಯೆ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ರಾತ್ರಿ ಪಾಳಿಯವರಿಗೆ ನಿಮಗೆ ಗೊತ್ತಿರುವುದೆಲ್ಲ ಗೊತ್ತಿರುವುದಿಲ್ಲ.

ಹಣ ಸೀಮಿತವಾಗಿದ್ದರೆ ನನ್ನ ಕ್ರಮ ಇದು. ಮೊದಲು ಎಲ್ಲ ಪೆಟ್ಟಿಗೆಗಳಿಗೂ ಯುಪಿಎಸ್. ಆಮೇಲೆ ಬೇರೆ ಕಂಪನಿಯ ಸಿಮ್, ಎರಡು ಲೈನ್ ಹಿಡಿಯುವ ಒಂದು ಒಳ್ಳೆಯ ರೂಟರ್. ಎರಡು ರೂಟರ್‌ಗಳ ವಿಆರ್‌ಆರ್‌ಪಿ ಜೋಡಣೆ ಇವೆರಡೂ ಸರಿಯಾದ ಮೇಲೆ. ನಿಮ್ಮಲ್ಲಿ ಈಗಾಗಲೇ ಎರಡು ರೂಟರ್ ಇರುವುದರಿಂದ ನಿಮಗೆ ಆಗಬೇಕಾದ ಖರ್ಚು ಹೆಚ್ಚಿಲ್ಲ. ಈ ವಾರವೇ ಎರಡೂ ಫೈಬರ್ ಕಂಪನಿಗಳಿಗೆ ಒಂದೊಂದು ಪತ್ರ ಬರೆದು, ನಿಮ್ಮ ಲೈನ್ ಬಳ್ಳಾರಿಯಿಂದ ಹಲಕುಂದಿಗೆ ಯಾವ ದಾರಿಯಲ್ಲಿ, ಯಾವ ಕಂಬಗಳ ಮೇಲೆ ಬರುತ್ತದೆ ಎಂದು ಲಿಖಿತವಾಗಿ ಕೇಳಿ. ಉತ್ತರ ಎರಡರದೂ ಒಂದೇ ಬಂದರೆ ಒಂದನ್ನು ರದ್ದುಮಾಡಿ, ಆ ಹಣದಲ್ಲಿ ಸಿಮ್ ಹಾಕಿಸಿಕೊಳ್ಳಿ.